ಅಚ್ಚಾದ ಕಿವಿಮಾತು

ಅನುಪಮಾ ನಿರಂಜನ ಎಂದೊಡನೆ ನಮಗೆ ನೆನಪಾಗುವುದು ‘ಋಣಮುಕ್ತಳು’, ‘ಮಾಧವಿ’. ‘ತಾಯಿ–ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ಗಳನ್ನು ಆರೋಗ್ಯದ ಪುಸ್ತಕಗಳೆಂದು ಬೇರೆ ಕಪಾಟಿಗೆ ಸೇರಿಸಿ ಸುಮ್ಮನಾಗುತ್ತೇವೆ. ಆಕೆ ಕನ್ನಡದ ಹೆಂಗಸರಿಗೆ ಕೊಟ್ಟ ದೊಡ್ಡ ಕೊಡುಗೆ ಆ ಕಪಾಟಿನಲ್ಲೇ ಇದೆ ಎಂದು ನನಗನ್ನಿಸುತ್ತದೆ.

1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ನಮ್ಮ ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ಡಾಕ್ಟರಾದರು. ಲೇಖಕ ನಿರಂಜನರನ್ನು ಮದುವೆಯಾದರು. ಧಾರವಾಡದಲ್ಲಿ, ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುತ್ತ, ಪತಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರ ಆರೈಕೆ ಮಾಡುತ್ತ ಬರೆದರು: ಕಾದಂಬರಿ, ಸಣ್ಣಕತೆ, ಮಕ್ಕಳಿಗೆ ‘ದಿನಕ್ಕೊಂದು ಕಥೆ’ಯ 12 ಸಂಪುಟ, ‘ನೆನಪು: ಸಿಹಿ–ಕಹಿ’ ಎಂಬ ಆತ್ಮಕಥೆ. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವರಿಗೆ ಬರೀ 56.

ನಾನು ‘ಕೇಳು ಕಿಶೋರಿ’ ಓದಿದ್ದು ಹೈಸ್ಕೂಲಿನಲ್ಲಿ. ನಮ್ಮ ಮನೆಯಲ್ಲಿ ಮುಟ್ಟು ಎಂಬ ಮಾತೇ ಇರಲಿಲ್ಲ. ‘ಕಾಗೆ ಮುಟ್ಟಿದೆ’, ‘ಹೊರಗೆ ಕೂತಿದ್ದಾಳೆ’, ಅಷ್ಟೆ. ಏಕೆಂದು ಕೇಳಿದರೆ ಅಜ್ಜಿ ಕಣ್ಣು ಬಿಡುತ್ತಿದ್ದರು. ಶಾಲೆಯಲ್ಲೂ ಆ ಪಾಠ ಬಂದಾಗ ಪುಟ ಮಗುಚಿಬಿಡುತ್ತಿದ್ದರು. ನನ್ನ ಮೈಯ ವಿಷಯವನ್ನು ನನ್ನದೇ ಭಾಷೆಯಲ್ಲಿ, ನಾಚಿಸದೆ, ಗದರದೆ ಹೇಳಿದ ಮೊದಲ ಹೆಂಗಸು ಈ ಡಾಕ್ಟರು. ‘ಕೇಳು’ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳುವ ದನಿ ಅದು. ಪಠ್ಯಪುಸ್ತಕದ ಬಿಗಿ ಅದಕ್ಕಿಲ್ಲ. ಇದು ಸುಲಭದ ಬರವಣಿಗೆಯಲ್ಲ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಗೊತ್ತು.

‘ವಧುವಿಗೆ ಕಿವಿಮಾತು’ ಎಂಬ ಹೆಸರನ್ನೇ ನೋಡಿ. ಮದುವೆಯ ಮನೆಯಲ್ಲಿ ಸೋದರತ್ತೆಯೋ ಅಕ್ಕನೋ ಪಿಸುಗುಟ್ಟಿ, ಅರ್ಧ ಹೇಳಿ ಅರ್ಧ ನುಂಗುತ್ತಿದ್ದ ಮಾತನ್ನು ಅವರು ಅಚ್ಚು ಹಾಕಿಸಿದರು. ಹೇಳುವ ಅಕ್ಕನಿಲ್ಲದವಳಿಗೂ ಅದು ಸಿಕ್ಕಿತು. ಆದರೂ ನನ್ನದೊಂದು ತಕರಾರಿದೆ. ಕಿವಿಮಾತು ವಧುವಿಗೇ ಏಕೆ? ವರನಿಗೆ ಕಿವಿ ಇಲ್ಲವೇ? ‘ದಾಂಪತ್ಯ’ ಎಂದಾಗ ಇಬ್ಬರೂ ಸೇರುತ್ತಾರೆ, ನಿಜ. ಆದರೆ ನಮ್ಮ ಮನೆಗಳಲ್ಲಿ ಅಂಥ ಪುಸ್ತಕವನ್ನು ಓದಿ ಬಚ್ಚಿಟ್ಟವರು ಹೆಂಗಸರೇ.

ಔಷಧಿ, ಚಿಕಿತ್ಸೆಗಳು ಬದಲಾಗಿವೆ. ಆ ವಿವರಗಳಿಗೆ ಈಗ ಡಾಕ್ಟರನ್ನೇ ಕೇಳಬೇಕು. ದನಿ ಮಾತ್ರ ಹಳತಾಗಿಲ್ಲ. ಕೈಯಲ್ಲಿ ಮೊಬೈಲ್ ಇರುವ ನನ್ನ ಒಂಬತ್ತನೇ ಕ್ಲಾಸಿನ ಹುಡುಗಿಯರು ಇಂದಿಗೂ ರಜಾಚೀಟಿಯಲ್ಲಿ ‘ಹೊಟ್ಟೆನೋವು’ ಎಂದೇ ಬರೆಯುತ್ತಾರೆ. ಮಾಹಿತಿಗೆ ಅವರಿಗೆ ಕೊರತೆಯಿಲ್ಲ. ಕೂರಿಸಿಕೊಂಡು ಹೇಳುವವರಿಗೆ ಕೊರತೆಯಿದೆ.