ಮೊದಲ ದುಡ್ಡು ರಬ್ಬರಿಗೆ

"ಅಣ್ಣಾ, ಕಾರು ತಗೊಂಡ್ಬಿಟ್ಟೆ. ಮೊದಲು ಏರ್ ಫಿಲ್ಟರ್ ಹಾಕಿಸ್ಲಾ, ಸೈಲೆನ್ಸರ್ ಹಾಕಿಸ್ಲಾ?"

ಮಿಶಿಗನ್‌ನಲ್ಲಿ ನಮ್ಮ ಮನೆಗೆ ಹತ್ತಿರದಲ್ಲೇ ಇರುವ ಹಾಸನದ ಹುಡುಗನೊಬ್ಬ ಫೋನಿನಲ್ಲಿ ಹೀಗೆ ಕೇಳಿದಾಗ ನಾನು, "ಟೈರ್ ಯಾವ ವರ್ಷದ್ದು ನೋಡಿದ್ಯೇನೋ?" ಅಂದೆ. ನೋಡಿರಲಿಲ್ಲ. ಫೋನ್ ಹಿಡಿದುಕೊಂಡೇ ಹೊರಗೆ ಹೋಗಿ, ಬಗ್ಗಿ, ಟೈರಿನ ಪಕ್ಕೆಯಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿ ಓದಿದ: 2309. ಅಂದರೆ 2009ನೇ ಇಸವಿಯ 23ನೇ ವಾರ. ಕಾರು 1992ರ ಮಾಜ್ದಾ ಮಿಯಾಟಾ. ಟೈರು ಸವೆದೇ ಇಲ್ಲ ಎಂದು ಮಾರಿದವನು ಹೇಳಿದ್ದನಂತೆ. ಗೀರುಗಳು ಆಳವಾಗಿದ್ದದ್ದು ನಿಜ. ಆದರೆ ರಬ್ಬರು ಉಗುರು ಊರದಷ್ಟು ಗಟ್ಟಿಯಾಗಿತ್ತು.

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲ ತಿಂಗಳಲ್ಲಿ ಮಾಡುವ ಖರ್ಚನ್ನು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಅದರ ಬಹುಪಾಲು ಬಾನೆಟ್ಟಿನ ಕೆಳಗೆ ಹೋಗುತ್ತದೆ, ಹೋದದ್ದರಲ್ಲಿ ಬಹುಪಾಲು ವ್ಯರ್ಥವಾಗುತ್ತದೆ. ಮೂವತ್ತು ದಾಟಿದ ಕಾರಿನಲ್ಲಿ ಎಂಜಿನ್ನಿನ ಕಬ್ಬಿಣ ಇನ್ನೂ ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ರಬ್ಬರು. ಟೈರು, ಸಸ್ಪೆನ್ಷನ್ ಬುಷ್ಷುಗಳು, ಬ್ರೇಕಿನ ಹೋಸ್, ರೇಡಿಯೇಟರಿನ ಹೋಸ್, ಟೈಮಿಂಗ್ ಬೆಲ್ಟ್. ಇವನ್ನು ಹೊಸದು ಮಾಡುವುದಕ್ಕೆ 'ರಿಪೇರಿ' ಎನ್ನುತ್ತಾರೆ, 'ಅಪ್‌ಗ್ರೇಡ್' ಎನ್ನುವುದಿಲ್ಲ. ಹೆಸರಿನ ಈ ವ್ಯತ್ಯಾಸದಿಂದಲೇ ಎಷ್ಟೋ ಒಳ್ಳೆಯ ಕಾರುಗಳು ಕೆಟ್ಟಿವೆ ಎಂದು ನನಗನ್ನಿಸುತ್ತದೆ.

ಈ ಕಾರು ಏತಕ್ಕಾಗಿ ಹುಟ್ಟಿತು ಎಂಬುದನ್ನು ನೆನೆಯದೆ ಅದಕ್ಕೆ ಏನು ಸೇರಿಸಬೇಕೆಂದು ಹೇಳಲಾಗದು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕನ್ ವಾಹನ ಪತ್ರಕರ್ತ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಮುಂದೆ, ಹಳೆಯ ಬ್ರಿಟಿಷ್ ರೋಡ್‌ಸ್ಟರುಗಳ ಥರದ ಹಗುರ ಕಾರನ್ನು ನೀವೇಕೆ ಮಾಡಬಾರದು ಎಂಬ ಮಾತಿಟ್ಟಿದ್ದರು. ಹತ್ತು ವರ್ಷದ ನಂತರ, 1989ರ ಫೆಬ್ರವರಿಯಲ್ಲಿ, ಶಿಕಾಗೊ ಆಟೊ ಷೋದಲ್ಲಿ ಮಿಯಾಟಾ ಕಾಣಿಸಿಕೊಂಡಿತು. ಯೋಜನೆಯ ಮುಖ್ಯಸ್ಥ ತೋಷಿಹಿಕೊ ಹಿರಾಯ್ ತಮ್ಮ ತಂಡಕ್ಕೆ ಕೊಟ್ಟ ಮಂತ್ರ 'ಜಿನ್ಬಾ ಇತ್ತಾಯ್': ಕುದುರೆಯೂ ಸವಾರನೂ ಒಂದೇ ದೇಹವಾಗುವುದು. 1.6 ಲೀಟರ್ ಎಂಜಿನ್, ಅಮೆರಿಕದ ಲೆಕ್ಕದಲ್ಲಿ 6500 ಸುತ್ತಿಗೆ 116 ಅಶ್ವಶಕ್ತಿ. ತೂಕ ಒಂದು ಟನ್ನಿಗೂ ತುಸು ಕಡಿಮೆ, ಮುಂದಕ್ಕೂ ಹಿಂದಕ್ಕೂ ಸರಿಸುಮಾರು ಸಮ. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ಟೈರು 185/60, 14 ಇಂಚು. ಸೈಲೆನ್ಸರಿನ ದನಿಯನ್ನೂ ಆ ತಂಡ ಕಿವಿಗೊಟ್ಟು ಹದ ಮಾಡಿತ್ತು.

ಅಂಥ ಕಾರಿಗೆ ಮೊದಲು ಬರುವುದು ಬಾನೆಟ್ಟಿನೊಳಗೆ ತೆರೆದು ಕೂರುವ ಶಂಕುವಿನಾಕಾರದ ಏರ್ ಫಿಲ್ಟರು. ಹಾಕಿದ ತಕ್ಷಣ ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ಜೋರಾಗಿ ಕೇಳುತ್ತದೆ, ಪಿಕಪ್ ಹೆಚ್ಚಿತೆಂದು ಮನಸ್ಸು ನಂಬುತ್ತದೆ. ಆದರೆ ಅದು ಎಳೆಯುವುದು ರೇಡಿಯೇಟರಿನ ಹಿಂದೆ ಕಾದ ಗಾಳಿಯನ್ನು. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಶಕ್ತಿಯೂ ಕಡಿಮೆ. ಮೇಲಾಗಿ 1.6 ಎಂಜಿನ್ನಿನಲ್ಲಿ ಗಾಳಿ ಅಳೆಯುವುದು ಸ್ಪ್ರಿಂಗಿನ ಬಾಗಿಲಿರುವ ಹಳೆಯ ಮೀಟರು. ದಾರಿಯ ಇಕ್ಕಟ್ಟು ಇರುವುದು ಅದರಲ್ಲಿ. ಫಿಲ್ಟರ್ ಎಷ್ಟು ದೊಡ್ಡದಾದರೂ ಗಾಳಿ ಆ ಬಾಗಿಲನ್ನು ತಳ್ಳಿಕೊಂಡೇ ಒಳಗೆ ಹೋಗಬೇಕು. ಸೈಲೆನ್ಸರ್ ಬದಲಿಸಿದರೆ ಸಿಗುವುದೂ ಕೆಲವೇ ಅಶ್ವಶಕ್ತಿ, ಹೆದ್ದಾರಿಯಲ್ಲಿ ಎರಡು ಗಂಟೆ ತಲೆಯೊಳಗೆ ಗುಂಯ್ ಎನ್ನುವ ಸದ್ದಿನ ಬೆಲೆಗೆ.

ಎರಡೂ ಶಾಕ್ ಅಬ್ಸಾರ್ಬರ್ ಗೋಪುರಗಳನ್ನು ಜೋಡಿಸುವ ಅಡ್ಡ ಸರಳಿನ ಬಗ್ಗೆಯೂ ನನ್ನದು ಇದೇ ತಕರಾರು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ತಿರುವಿನ ಅಡ್ಡ ಒತ್ತಡ ಆ ಗೋಪುರಕ್ಕೆ ಬೀಳುತ್ತದೆ, ಅಲ್ಲಿ ಸರಳಿಗೆ ಕೆಲಸವಿದೆ. ಮಿಯಾಟಾದಲ್ಲಿ ಚಕ್ರವನ್ನು ಹಿಡಿದಿರುವುದು ಮೇಲಿನ, ಕೆಳಗಿನ ತೋಳುಗಳು, ಅವು ಕೂತಿರುವುದು ಸಬ್‌ಫ್ರೇಮಿನ ಮೇಲೆ. ಸರಳು ಹೊಳೆಯುತ್ತದೆ, ಬೇರೇನೂ ಮಾಡುವುದಿಲ್ಲವೆಂದೇ ಹೇಳಬೇಕು.

ಅಗ್ಗದ ತಗ್ಗು ಸ್ಪ್ರಿಂಗುಗಳದ್ದು ಇದಕ್ಕಿಂತ ದೊಡ್ಡ ಅಪರಾಧ, ಏಕೆಂದರೆ ಅವು ಇದ್ದ ಗುಣವನ್ನೂ ಕಿತ್ತುಕೊಳ್ಳುತ್ತವೆ. ಈ ಕಾರಿನ ಸಸ್ಪೆನ್ಷನ್ನಿಗೆ ಮೇಲೇಳುವ ಅವಕಾಶವೇ ಕಡಿಮೆ. ಸ್ಪ್ರಿಂಗ್ ತಗ್ಗಿಸಿ ಹಳೆಯ ಶಾಕ್‌ಗಳನ್ನೇ ಬಿಟ್ಟರೆ ತಿರುವಿನ ನಡುವೆ ಒಂದು ಗುಂಡಿ ಸಿಕ್ಕರೂ ಸಾಕು, ಬಂಪ್ ಸ್ಟಾಪಿಗೆ ಬಡಿದು ಚಕ್ರ ರಸ್ತೆ ಬಿಡುತ್ತದೆ. ನಿಂತಾಗ ಚೆಂದ ಕಾಣುತ್ತದೆಂದು ಓಡುವಾಗಿನ ಚೆಂದವನ್ನು ಕೊಡುವುದು ನನಗೆ ಸಹಿಸಲಾಗದ ವ್ಯಾಪಾರ. ದುಡ್ಡಿದ್ದರೆ ಕೋನಿ ಅಥವಾ ಬಿಲ್‌ಸ್ಟೈನ್‌ನ ಒಳ್ಳೆಯ ಶಾಕ್ ಹಾಕಿಸಿ, ಸ್ಪ್ರಿಂಗ್ ಕಾರ್ಖಾನೆಯದೇ ಇರಲಿ. 17 ಇಂಚಿನ ಭಾರದ ಚಕ್ರಗಳಿಗೂ ಇದೇ ಮಾತು. ಕಾರ್ಖಾನೆಯ ಹಗುರ ಅಲಾಯ್ ಕಳಚಿ ಅವನ್ನು ಹಾಕಿದರೆ, ಹಳ್ಳದಿಣ್ಣೆಗೆ ಹಾರುವ ತೂಕ ಹೆಚ್ಚುತ್ತದೆ, ಸ್ಟೀರಿಂಗ್ ಮಂಕಾಗುತ್ತದೆ.

ಹಾಗಾದರೆ ಏನು ಮಾಡಿಸಬೇಕು? ಹುಡುಗನಿಗೆ ಮೊದಲು ಹೊಸ ಟೈರ್ ಹಾಕಿಸಿದೆ. ರೇಸಿಗೆ ಅಂಟುವ ಜಾತಿಯದಲ್ಲ, ಬೇಸಿಗೆಯ ಸಾಧಾರಣ ಒಳ್ಳೆಯ ಟೈರು. ಇದರಲ್ಲಿ ನನಗೆ ಹಟವೇ ಇದೆ. ಸಾಧಾರಣ ವೇಗದಲ್ಲೇ ಹಿಡಿತದ ಅಂಚನ್ನು ತೋರಿಸಿ, ಅಲ್ಲಿಂದ ಮೆಲ್ಲಗೆ ವಾಪಸು ಕರೆದುಕೊಂಡು ಬರುವುದು ಈ ಕಾರಿನ ದೊಡ್ಡ ಗುಣ. ವಿಪರೀತ ಅಂಟುವ ಟೈರು ಆ ಅಂಚನ್ನು ಊರ ರಸ್ತೆಯಲ್ಲಿ ಮುಟ್ಟಬಾರದ ವೇಗಕ್ಕೆ ತಳ್ಳಿಬಿಡುತ್ತದೆ.

ಆಮೇಲೆ ವೀಲ್ ಅಲೈನ್‌ಮೆಂಟ್. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಡಬಲ್ ವಿಷ್‌ಬೋನ್ ಕೊಟ್ಟ ಹಿರಾಯ್ ತಂಡ ಕೆಳತೋಳುಗಳಿಗೆ ಮೊಟ್ಟೆಯಂತೆ ವಾರೆ ತಿರುಗುವ ಬೋಲ್ಟುಗಳನ್ನೂ ಕೊಟ್ಟಿದೆ. ಅವುಗಳಿಂದ ಮುಂದೆಯೂ ಹಿಂದೆಯೂ ಕ್ಯಾಂಬರ್ ಹೊಂದಿಸಬಹುದು. ಮಾಮೂಲಿ ಕಾರುಗಳಲ್ಲಿ ಇಲ್ಲದ ಭಾಗ್ಯ ಇದು. ಚಕ್ರದ ತಲೆಯನ್ನು ಒಂದು ಡಿಗ್ರಿಯಷ್ಟು ಒಳಕ್ಕೆ ವಾಲಿಸಿ, ಹಿಂದಿನ ಚಕ್ರಗಳಿಗೆ ಚೂರೇ ಚೂರು ಟೋ-ಇನ್ ಕೊಟ್ಟರೆ ಕಾರು ತಿರುವಿಗೆ ಮೂಗು ಹಾಕುವ ರೀತಿಯೇ ಬದಲಾಗುತ್ತದೆ. ಅಳೆಯುವಾಗ ಸೀಟಿನಲ್ಲಿ ಓಡಿಸುವವನ ತೂಕವಿರಬೇಕು. ಇಷ್ಟು ಹಗುರ ಕಾರಿನಲ್ಲಿ ಎಪ್ಪತ್ತು ಕೆಜಿ ಲೆಕ್ಕಕ್ಕೆ ಬರುತ್ತದೆ. ನನ್ನ ಕಾರನ್ನು ಒಮ್ಮೆ ಅಲೈನ್‌ಮೆಂಟಿಗೆ ಬಿಟ್ಟಾಗ ಮುಂದಿನ ಟೋ ಒಂದನ್ನೇ ನೋಡಿ ಪೂರ್ತಿ ದುಡ್ಡು ಪಡೆದಿದ್ದರು. ಬೋಲ್ಟು ತುಕ್ಕು ಹಿಡಿದು ಬುಷ್ಷಿನ ಕೊಳವೆಗೆ ಅಂಟಿಕೊಂಡಿತ್ತು, ಅದನ್ನು ಹೇಳಲೂ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್‌ನಲ್ಲಿ ಇದು ಮಾಮೂಲಿ ಕಾಯಿಲೆ. ಹುಡುಗನ ಕಾರಿನಲ್ಲೂ ಎರಡು ಬೋಲ್ಟು ಹಾಗೇ ಕೂತಿದ್ದವು. ಗರಗಸದಲ್ಲಿ ಕತ್ತರಿಸಿ ತೆಗೆಯುವಾಗ ಬುಷ್ಷಿನ ಬಿರುಕುಗಳು ಕಂಡವು, ಹಾಗಾಗಿ ಬುಷ್ಷುಗಳೂ ಹೊಸದಾದವು. ಪಾಲಿಯುರೆಥೇನ್ ಬೇಡವೆಂದೆ. ಗ್ರೀಸ್ ಒಣಗಿದರೆ ಅದು ಕಿರುಗುಟ್ಟುತ್ತದೆ, ತೋಳಿನ ಸಲೀಸು ಚಲನೆಯನ್ನು ಹಿಡಿದು ನಿಲ್ಲಿಸುತ್ತದೆ.

ಬ್ರೇಕಿಗೆ ಹೊಸ ಹೋಸ್, ಹೊಸ ಬ್ರೇಕ್ ಆಯಿಲ್. ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದೆಂಬ ನಿಯಮವಿದೆ, ತೇವ ಹಿಡಿದ ಮೇಲೆ ಅದು 155ಕ್ಕೆ ಇಳಿಯುತ್ತದೆ. ರೇಡಿಯೇಟರಿನ ಪ್ಲಾಸ್ಟಿಕ್ ತಲೆ ಕಂದುಬಣ್ಣಕ್ಕೆ ತಿರುಗಿದ್ದರೆ ಬಿರಿಯುವವರೆಗೂ ಕಾಯಬಾರದು.

ಎಂಜಿನ್ನಿಗೆ ಏನೂ ಮಾಡಬಾರದೆಂಬ ಮಡಿವಂತಿಕೆ ನನಗಿಲ್ಲ. ಕಾಸು ಖರ್ಚಿಲ್ಲದ ಒಂದು ಉಪಾಯವನ್ನು ನಾನೇ ಮಾಡಿಕೊಟ್ಟೆ. ಸಿಲಿಂಡರ್ ಹೆಡ್ಡಿನ ಹಿಂಬದಿಯ ಸೆನ್ಸರಿನ ಬೋಲ್ಟು ಸಡಿಲಿಸಿ, ಟೈಮಿಂಗ್ ಲೈಟ್ ಹಿಡಿದು, ಕಿಡಿಯ ಟೈಮಿಂಗನ್ನು 10 ಡಿಗ್ರಿಯಿಂದ 14ಕ್ಕೆ ಏರಿಸುವುದು. ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಬೇಕಾಗುತ್ತದೆ, ಆದರೆ ಕೆಳಗಿನ ಗೇರುಗಳಲ್ಲಿ ಆಕ್ಸಿಲರೇಟರಿಗೆ ಎಂಜಿನ್ ಚುರುಕಾಗಿ ಓಗೊಡುತ್ತದೆ. ಟ್ರ್ಯಾಕಿಗೆ ಹೋಗುವವರಾದರೆ ಎಲ್ಲಕ್ಕಿಂತ ಮೊದಲು ರೋಲ್ ಬಾರ್. ಸೂರಿಲ್ಲದ ಕಾರು ಮಗುಚಿದರೆ ಮುಂದಿನ ಗಾಜಿನ ಚೌಕಟ್ಟನ್ನು ನಂಬಿ ಕೂರಲಾಗದು.

ಅಕ್ಟೋಬರಿನಲ್ಲಿ ಹುಡುಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹ್ಯೂರನ್ ನದಿಯ ಪಕ್ಕದ ರಸ್ತೆಯಲ್ಲಿ ಓಡಿಸಿದ. ಎಲೆ ಉದುರಿದ ಒದ್ದೆ ತಿರುವೊಂದರಲ್ಲಿ ಹಿಂಭಾಗ ಅಂಗೈಯಗಲ ಜಾರಿತು. ಅವನು ಕೈಯನ್ನು ಅಷ್ಟೇ ತಿರುಗಿಸಿ ಸರಿಮಾಡಿಕೊಂಡು, ಸುಮ್ಮನೆ ಮುಂದಿನ ತಿರುವು ನೋಡುತ್ತಿದ್ದ. ಸ್ವಲ್ಪ ದೂರ ಹೋದ ಮೇಲೆ, "ಅಣ್ಣಾ, ಸ್ಟೀರಿಂಗು ಮೊದಲೇ ಹೇಳ್ತು" ಅಂದ. ಟರ್ಬೊ ಆಸೆ ಅವನಿಗೆ ಇನ್ನೂ ಇದೆ. 1.6ರ ಸಣ್ಣ ಡಿಫರೆನ್ಷಿಯಲ್ ಆ ಶಕ್ತಿ ತಡೆಯುವುದಿಲ್ಲವಾದ್ದರಿಂದ, 1994ರ ನಂತರದ ಕಾರಿನ ದೊಡ್ಡದೊಂದನ್ನು ಗುಜರಿಗಳಲ್ಲಿ ಹುಡುಕುತ್ತಿದ್ದಾನೆ.