ಕೂಳೆ ಕಾಡಿನ ಏರು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣದ ಊರುಗಳಲ್ಲಿ ಸೈಕಲ್ ತುಳಿಯುವವರ ಯೋಗ್ಯತೆಯನ್ನು ಒಂದೇ ಪ್ರಶ್ನೆಯಲ್ಲಿ ತೂಗುತ್ತಾರೆ: ‘ಓಲ್ಡ್ ಲಾ ಹೋಂಡ ಎಷ್ಟು ನಿಮಿಷ?’ ಪೋರ್ಟೋಲ ವ್ಯಾಲಿಯ ಪುಟ್ಟ ಸೇತುವೆಯಿಂದ ಸ್ಕೈಲೈನ್ ರಸ್ತೆಯ ಟಪಾಲು ಡಬ್ಬಿಗಳ ಸಾಲಿನವರೆಗೆ ಸುಮಾರು 5.4 ಕಿ.ಮೀ. ದೂರ, 390 ಮೀಟರ್ ಏರು. 20 ನಿಮಿಷದೊಳಗೆ ಮುಟ್ಟಿದವನು ಗಟ್ಟಿಗ. ಅರ್ಧ ಗಂಟೆ ದಾಟಿದವನು ಮಾತು ಬದಲಿಸುತ್ತಾನೆ. ನಾನು ಮಾತು ಬದಲಿಸುವವರ ಪೈಕಿ. ಮುಂದೆ ಬರೆಯುವುದನ್ನು ಓದಿ ‘ಕುಣಿಯಲಾರದವಳಿಗೆ ನೆಲ ಡೊಂಕು’ ಎಂದು ಯಾರಾದರೂ ನಕ್ಕರೆ ತಕರಾರಿಲ್ಲ.

ನನ್ನ ಮತ ಅದರ ಪಕ್ಕದ ಕಿಂಗ್ಸ್ ಮೌಂಟನ್ ರಸ್ತೆಗೆ. ವುಡ್‌ಸೈಡ್‌ನಿಂದ ಸುಮಾರು 7 ಕಿ.ಮೀ., ನೂರು ಮೀಟರಿಗೆ ಆರೇಳು ಮೀಟರಿನಂತೆ ಬಿಡುವಿಲ್ಲದ ಏರು. ನಂದಿಬೆಟ್ಟ ಹತ್ತಿದ ಕಾಲುಗಳಿಗೆ ಈ ಲೆಕ್ಕ ಹೊಸದೇನಲ್ಲ. ಆದರೆ ನಂದಿಯ ಏರು ಕೊನೆಗೆ ಒಂದು ನೋಟವನ್ನು ಬಹುಮಾನವಾಗಿ ಇಟ್ಟುಕೊಂಡು ಆಸೆ ತೋರಿಸುತ್ತದೆ. ಇಲ್ಲಿ ತುದಿಯಲ್ಲಿ ಮರಗಳ ನೆರಳಿನ ಒಂದು ಕೂಡುರಸ್ತೆ ಮಾತ್ರ. ಕಾಣುವುದೇನಿದ್ದರೂ ಏರುವಾಗಲೇ ಕಾಣಬೇಕು.

ಏರಿನ ಬುಡ ಸೇರುವವರೆಗಿನ ಮೊದಲ 30 ಕಿ.ಮೀ. ಬಗ್ಗೆ ಹೇಳುವುದು ಹೆಚ್ಚಿಲ್ಲ. ಸನ್ನಿವೇಲ್‌ನಿಂದ ಹೊರಟರೆ ಫುಟ್‌ಹಿಲ್ ಎಕ್ಸ್‌ಪ್ರೆಸ್‌ವೇಯ ಅಗಲವಾದ ಅಂಚು, ಸಿಗ್ನಲ್ಲು, ಮತ್ತೆ ಸಿಗ್ನಲ್ಲು. ಸ್ಯಾಂಡ್ ಹಿಲ್ ರಸ್ತೆಯಲ್ಲಿ ಎಡಕ್ಕೆ ಕಣಗಳನ್ನು ಓಡಿಸುವ 3 ಕಿ.ಮೀ. ಉದ್ದದ ಸ್ಟ್ಯಾನ್‌ಫರ್ಡ್ ಯಂತ್ರಶಾಲೆ, ಅದರ ಆಸುಪಾಸಿನಲ್ಲೇ ಕಂಪನಿಗಳಿಗೆ ಬಂಡವಾಳ ಹೂಡುವವರ ತಗ್ಗು ಕಟ್ಟಡಗಳು. ಇದು ಪೀಠಿಕೆ ಉದ್ದವಾದ ಪುಸ್ತಕ. ಹಾರಿಸಿ ಓದಿದರೂ ನಷ್ಟವಿಲ್ಲ.

ಕಥೆ ಶುರುವಾಗುವುದು ಏರಿನ ಬುಡದಲ್ಲಿರುವ ಒಂದು ಮರದ ಅಂಗಡಿಯಿಂದ. 1854ರಲ್ಲಿ ಕಟ್ಟಿದ ವುಡ್‌ಸೈಡ್ ಸ್ಟೋರ್ ಈಗ ವಸ್ತುಸಂಗ್ರಹಾಲಯ. ಟ್ರಿಪ್ ಎಂಬ ಹಲ್ಲಿನ ವೈದ್ಯ ತನ್ನ ಪಾಲುದಾರನೊಂದಿಗೆ ನಡೆಸುತ್ತಿದ್ದ ಈ ಅಂಗಡಿಯ ಗಿರಾಕಿಗಳು ಹೆಚ್ಚಾಗಿ ಮರ ಕಡಿಯುವವರು, ಗರಗಸದ ಮಿಲ್ಲಿನವರು. ಚಿನ್ನದ ಹುಚ್ಚಿನಲ್ಲಿ ಎದ್ದ ಸ್ಯಾನ್ ಫ್ರಾನ್ಸಿಸ್ಕೊ 1849ರಿಂದ 1851ರ ನಡುವೆ ಮತ್ತೆ ಮತ್ತೆ ಸುಟ್ಟು ಬೂದಿಯಾಯಿತು, ಪ್ರತಿಸಲವೂ ಅದನ್ನು ಕಟ್ಟಲು ಮರ ಬೇಕಾಯಿತು. ಆ ರೆಡ್‌ವುಡ್ ಮರ ಈ ಬೆಟ್ಟದಿಂದ ಎತ್ತುಗಳ ಹಿಂದೆ ಇಳಿಯಿತು, ಹಳ್ಳದ ದಡ ಸೇರಿತು, ನೀರಿನ ಮೇಲೆ ಪಟ್ಟಣಕ್ಕೆ ಹೋಯಿತು. ದಡದ ಊರಿಗೆ ರೆಡ್‌ವುಡ್ ಸಿಟಿ ಎಂಬ ಹೆಸರು ನಿಂತಿತು. ನಗರ ಬಿಟ್ಟು ಕಾಡಿಗೆ ಹೋಗುತ್ತಿದ್ದೇವೆ ಎಂಬ ನಮ್ಮ ಶನಿವಾರದ ನಂಬಿಕೆಗೆ ಇಲ್ಲೇ ಮೊದಲ ಪೆಟ್ಟು. ಈ ಕಾಡು ನಮಗಿಂತ 170 ವರ್ಷ ಮೊದಲೇ ನಗರಕ್ಕೆ ಹೋಗಿದೆ.

ಅಂಗಡಿ ದಾಟಿದ ಕೂಡಲೇ ಗೇರು ಇಳಿಸಬೇಕು. ಹಡ್ಡಾರ್ಟ್ ಪಾರ್ಕಿನ ಬಾಗಿಲು ಬರುವ ಹೊತ್ತಿಗೆ ಉಸಿರು ಒಂದು ಲಯಕ್ಕೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆಮೇಲೆ ತಿರುವಿನ ಮೇಲೆ ತಿರುವು. ಮುಂದೆ ಹದಿನೈದಿಪ್ಪತ್ತು ಗಜಕ್ಕಿಂತ ಹೆಚ್ಚು ರಸ್ತೆ ಕಾಣುವುದಿಲ್ಲ, ಅದೇ ಈ ದಾರಿಯ ಕರುಣೆ. ಬೇಸಿಗೆಯ ಬೆಳಿಗ್ಗೆ ಬಯಲು ಬೆಂಕಿಯಾಗಿದ್ದರೂ ಇಲ್ಲಿ ಪೆಸಿಫಿಕ್‌ನ ಮಂಜು ಬೆಟ್ಟದ ನೆತ್ತಿ ದಾಟಿ ಒಳಗೆ ಇಣುಕುತ್ತದೆ. ರೆಡ್‌ವುಡ್‌ನ ಸಣ್ಣ ಎಲೆಗಳು ಅದನ್ನು ಹಿಡಿದು ಹನಿಯಾಗಿ ಕೆಳಗೆ ಬಿಡುತ್ತವೆ. ತಿಂಗಳುಗಟ್ಟಲೆ ಮಳೆ ಕಾಣದ ನಾಡಿನಲ್ಲಿ ಮರದ ಕೆಳಗಷ್ಟೇ ಡಾಂಬರು ಒದ್ದೆ. ಮೊದಲ ಸಲ ನೋಡಿದಾಗ ಯಾರೋ ನೀರು ಹಾಕಿದ್ದಾರೆ ಎಂದುಕೊಂಡಿದ್ದೆ.

ನಾಲ್ಕನೆಯದೋ ಐದನೆಯದೋ ಸಲ, ಜೊತೆಗಿದ್ದ ಮಂಡ್ಯದ ಗೆಳೆಯ ಒಂದು ತಿರುವಿನಲ್ಲಿ ಕಾಲು ನೆಲಕ್ಕೂರಿ ನಿಂತ. ನನ್ನ ಕಣ್ಣಿಗೆ ಅದು ಒತ್ತಾಗಿ ನಿಂತ ಏಳೆಂಟು ಮರ. ಅವನು ಮರಗಳನ್ನಲ್ಲ, ನಡುವಿನ ಖಾಲಿಯನ್ನು ನೋಡುತ್ತಿದ್ದ. ಮರಗಳು ಬಳೆಯಂತೆ ಸುತ್ತ ನಿಂತಿದ್ದವು, ಮಧ್ಯೆ ಪಾಚಿ ಹತ್ತಿದ, ಆಳೆತ್ತರದ ಮೋಟು. ‘ಇದು ಕೂಳೆ ಕಣ್ಲಾ’ ಎಂದ.

ಕಬ್ಬು ಕಡಿದ ಮೇಲೆ ಬುಡ ಬಿಟ್ಟರೆ ಅದೇ ಬೇರಿನಿಂದ ಮತ್ತೆ ಚಿಗುರುವ ಬೆಳೆ ಕೂಳೆ. ರೆಡ್‌ವುಡ್ ಮಾಡುವುದೂ ಅದನ್ನೇ. ಕೊಡಲಿ ಬಿದ್ದರೂ ಬೆಂಕಿ ತಾಗಿದರೂ ಬುಡದ ಗಂಟುಗಳಲ್ಲಿ ಮಲಗಿದ್ದ ಮೊಗ್ಗು ಎಚ್ಚರವಾಗುತ್ತದೆ. ಇದೇ ಬೆಟ್ಟಸಾಲಿನ ದಕ್ಷಿಣದ ಬಿಗ್ ಬೇಸಿನ್ ಕಾಡು 2020ರಲ್ಲಿ ಸುಟ್ಟು ಕರಕಾದಾಗಲೂ ಕಪ್ಪು ಕಾಂಡಗಳ ಮೈತುಂಬ ಹಸಿರು ನೂಲು ಹೊರಟಿತ್ತು. ಕಿಂಗ್ಸ್ ಮೌಂಟನ್‌ನಲ್ಲಿ ‘ಆದಿಮ ಅರಣ್ಯ’ ಎಂದು ನಾವು ಪಟ ತೆಗೆದುಕೊಳ್ಳುವ ಮರಗಳಲ್ಲಿ ಬಹುಪಾಲು ಹೀಗೆ ಎದ್ದ ಎರಡನೆಯ ಬೆಳೆ. ಸ್ಕೈಲೈನ್‌ನ ಆಚೆ ಬದಿಯ ಸಂರಕ್ಷಿತ ಕಾಡಿನ ಹೆಸರೇ ಎಲ್ ಕೋರ್ಟೆ ದೆ ಮದೇರ. ಸ್ಪ್ಯಾನಿಷ್‌ನಲ್ಲಿ ಅದು ‘ಮರ ಕಡಿದ ಜಾಗ’.

ಗಡಿಯಾರದ ಸವಾರಿಯ ಮೇಲೆ ನನ್ನ ಆಕ್ಷೇಪ ಇರುವುದು ಇಲ್ಲಿ. ಸಮಯ ಅಳೆಯುವುದು ತಪ್ಪೆಂದಲ್ಲ. 2009ರಲ್ಲಿ ಹುಟ್ಟಿದ ಸ್ಟ್ರಾವಾ ಎಂಬ ಆ್ಯಪ್ ಇಡೀ ರಸ್ತೆಯನ್ನು ರ್‍ಯಾಂಕ್ ಪಟ್ಟಿ ಮಾಡುವ ಮೊದಲೂ ಜನ ಕೈಗಡಿಯಾರ ನೋಡುತ್ತಲೇ ಹತ್ತುತ್ತಿದ್ದರು. ಅಳತೆ ಶ್ರಮಕ್ಕೆ ಒಂದು ಗೌರವವನ್ನೂ ಕೊಡುತ್ತದೆ. ಹೋದ ವರ್ಷಕ್ಕಿಂತ ಎರಡು ನಿಮಿಷ ಕಡಿಮೆಯಾದಾಗ ನಾನೂ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಆದರೆ ಗಂಟೆಗೆ ಎಂಟೊಂಬತ್ತು ಕಿ.ಮೀ. ವೇಗದಲ್ಲಿ ಹೋಗುವವನಿಗೆ ಮೋಟು ಕಾಣಲೇಬೇಕು, ಆ ವೇಗ ಅದಕ್ಕೇ ಇರುವಂತಿದೆ. ಕಣ್ಣು ಹ್ಯಾಂಡಲ್ಲಿನ ಪರದೆಗೆ ಅಂಟಿದರೆ ನಿಧಾನದ ಕಷ್ಟವೆಲ್ಲ ನಮ್ಮದಾಯಿತು, ನಿಧಾನದ ಲಾಭ ಒಂದೂ ಸಿಗಲಿಲ್ಲ. ಬೆವರಿನಲ್ಲೂ ಆಫೀಸಿನ ಅಪ್ರೈಸಲ್ ಮುಗಿಯಲಿಲ್ಲ.

ನೆತ್ತಿ ಸೇರಿ ಸ್ಕೈಲೈನ್‌ನಲ್ಲಿ ದಕ್ಷಿಣಕ್ಕೆ ತಿರುಗಿದರೆ, ಸ್ಕೆಗ್ಸ್ ಪಾಯಿಂಟ್ ಬಳಿ ರಸ್ತೆಯ ಮಗ್ಗುಲಲ್ಲೇ ಕೊಡಲಿ ತಪ್ಪಿಸಿಕೊಂಡ ಒಂದು ಮುದಿಮರ ಇದೆ. ಹೆಸರು ಮೆಥೂಸಲ. ಅಂದಾಜು 1,800 ವರ್ಷ, ಸುಮಾರು 14 ಅಡಿ ದಪ್ಪ. ಹಲ್ಮಿಡಿ ಶಾಸನ ಕೆತ್ತುವ ಹೊತ್ತಿಗೇ ಇದಕ್ಕೆ ಇನ್ನೂರು ದಾಟಿತ್ತು. ಇದರ ಮುಂದೆ ನಿಂತು ಬಂದ ದಾರಿಯನ್ನು ನೆನೆದರೆ, ಅಷ್ಟು ಹೊತ್ತು ಎತ್ತರ ಎಂದುಕೊಂಡದ್ದೆಲ್ಲ ಮರಿಗಳಾಗುತ್ತವೆ. ಓಲ್ಡ್ ಲಾ ಹೋಂಡ ಹತ್ತಿದವರಿಗೆ ಇದು ದಾರಿಯಲ್ಲಿ ಸಿಗುವುದಿಲ್ಲ. ನನ್ನ ಮತಕ್ಕೆ ಇದೂ ಒಂದು ಕಾರಣ.

ಇಳಿತಕ್ಕೆ ಮಾತ್ರ ಕಡಿಮೆ ಅಂಕ. ರೂಢಿಯಂತೆ ಎಲ್ಲರೂ ಆಲಿಸಸ್ ರೆಸ್ಟೊರೆಂಟಿನ ಎದುರು ಮೋಟಾರ್‌ಬೈಕುಗಳ ಜಾತ್ರೆಯಲ್ಲಿ ಕಾಫಿ ಕುಡಿದು 84ನೇ ಹೆದ್ದಾರಿಯಲ್ಲಿ ಇಳಿಯುತ್ತಾರೆ. ಹಿಂದೆ ಕಾರು, ಪಕ್ಕದಲ್ಲಿ ಬೈಕು, ಎರಡೂ ಕೈ ಬ್ರೇಕಿನ ಮೇಲೆ. ಕಾಡು ಮಸುಕಾದ ಹಸಿರು ಗೋಡೆ. ಆಮೇಲೆ ವುಡ್‌ಸೈಡ್‌ನಲ್ಲಿ ಬಲಕ್ಕೆ ಹೊರಳಿ ಅದೇ 30 ಕಿ.ಮೀ. ಪೀಠಿಕೆಯನ್ನು ಹಿಂದಿನಿಂದ ಓದುವುದು.

ಒಮ್ಮೆ ನಾನು ಹೊರಳಲಿಲ್ಲ. ಹೆದ್ದಾರಿ ನೇರ ರೆಡ್‌ವುಡ್ ಸಿಟಿಗೇ ಹೋಗುತ್ತದೆ, ದಿಮ್ಮಿಗಳು ಸೇರಿದ ಊರಿಗೆ. ಸೈಕಲ್ಲಿಗೆ ಅದು ಹಿತವಾದ ರಸ್ತೆಯಲ್ಲ. ಊರಿನ ಕಮಾನು ತನ್ನ ಹವಾಮಾನ ಎಷ್ಟು ಚೆನ್ನ ಎಂದು ಕೊಚ್ಚಿಕೊಳ್ಳುತ್ತದೆ, ಮರದ ಸುದ್ದಿ ಎತ್ತುವುದಿಲ್ಲ. ಹಳ್ಳ ಕೊಲ್ಲಿ ಸೇರುವ ಕಡೆಯ ಬಂದರಿನಲ್ಲಿ ಈಗ ಮರಳು, ಜಲ್ಲಿ, ಗುಜರಿ ಕಬ್ಬಿಣ. ಅಲ್ಲಿಂದ ಸ್ಟೇಷನ್ನಿಗೆ ಬಂದು ಕ್ಯಾಲ್‌ಟ್ರೇನಿನ ಸೈಕಲ್ ಬೋಗಿ ಹತ್ತಿ, ಸೈಕಲ್ಲನ್ನು ಕಂಬಿಗೆ ಒರಗಿಸಿ ಕಟ್ಟಿ, ಸನ್ನಿವೇಲ್‌ವರೆಗೆ ನಿದ್ದೆ ಹೊಡೆದೆ. ಆವತ್ತು ಫೋನು ದಾಖಲಿಸಿದ ಸವಾರಿ ಅರ್ಧಕ್ಕೇ ನಿಂತಂತೆ ತೋರಿಸುತ್ತದೆ. ಅಳಿಸದೆ ಹಾಗೇ ಬಿಟ್ಟಿದ್ದೇನೆ.