ಚಿತ್ರ ಅಂಟಿಸದ ಆಲ್ಬಂ

ಆಟಗಾರರ ಚಿತ್ರ ಅಂಟಿಸುವ ಆಲ್ಬಂಗಳನ್ನು ಅಚ್ಚುಹಾಕಿ ಮಕ್ಕಳಿಗೆ ಮಾರಿದ ಕಂಪನಿ, ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ತನ್ನ ದಾಸ್ತಾನಿನಲ್ಲಿ ಉಳಿದದ್ದನ್ನು ಹೊರತೆಗೆದು ದೊಡ್ಡವರಿಗೆ ಮಾರುತ್ತದೆ. ಪ್ರತಿಯ ಜೊತೆಗೆ ಒಂದು ಚೀಟಿ, ಅದರ ಮೇಲೆ ಹೊಳೆಯುವ ಮುದ್ರೆ: ಇದು ತಯಾರಕರ ಸಂಗ್ರಹದಿಂದಲೇ ಬಂದದ್ದು. ಅಮೆರಿಕ, ಯುರೋಪಿನಲ್ಲಿ ಬೇರೂರಿದ ಈ ವ್ಯಾಪಾರದ ಸರಕು ಆನ್‌ಲೈನಿನಲ್ಲಿ ಕೈ ಬದಲಾಯಿಸುತ್ತ ನಮ್ಮ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಮನೆಗಳಿಗೂ ಬರತೊಡಗಿದೆ. ಐರೋಲಿಯ ಐಟಿ ಕಚೇರಿಗಳಲ್ಲಿ ದುಡಿಯುವ ಹುಡುಗರು, ಬಾಲ್ಯದಲ್ಲಿ ಕೈಗೆಟುಕದ್ದನ್ನು ಈಗ ಸಂಬಳದಲ್ಲಿ ಕೊಳ್ಳುತ್ತಿದ್ದಾರೆ. ಅವರ ಆಸೆಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಮಾರುವವರ ಮೇಲೆ.

ಈ ಆಲ್ಬಂ ಎಂಥ ವಸ್ತು ಎಂದು ಮೊದಲು ನೋಡಬೇಕು. ಇಟಲಿಯ ಮೊದೆನಾ ಊರಿನಲ್ಲಿ ಪತ್ರಿಕೆ ಮಾರುವ ಗೂಡಂಗಡಿ ನಡೆಸುತ್ತಿದ್ದ ಪಾನಿನಿ ಮನೆತನದ ಅಣ್ಣತಮ್ಮಂದಿರು 1960ರಲ್ಲಿ ಮಿಲಾನಿನ ಒಂದು ಸಂಸ್ಥೆಯ ಬಳಿ ಖರ್ಚಾಗದೆ ಬಿದ್ದಿದ್ದ ಚಿತ್ರಗಳನ್ನು ಕೊಂಡರು. ಎರಡೆರಡು ಚಿತ್ರಗಳನ್ನು ಲಕೋಟೆಗೆ ಹಾಕಿ, ಒಳಗೆ ಯಾರಿದ್ದಾರೆಂದು ಕಾಣದಂತೆ ಅಂಟಿಸಿ, ಲಕೋಟೆಗೆ 10 ಲಿರಾದಂತೆ ಮಾರಿದರು. ಬಿಡಿಯಾಗಿ ಹೋಗದಿದ್ದ ಚಿತ್ರಗಳು ಲಕೋಟೆಯಲ್ಲಿ ಹೋದವು. ಮೂವತ್ತು ಲಕ್ಷ ಲಕೋಟೆ ಖರ್ಚಾಯಿತು. ಮರುವರ್ಷ ಅವರು ಇಟಲಿಯ ಫುಟ್‌ಬಾಲ್ ಲೀಗಿನ ಸ್ವಂತ ಆಲ್ಬಂ ತಂದರು. 1970ರ ಮೆಕ್ಸಿಕೋ ವಿಶ್ವಕಪ್ಪಿಗೆ ಮೊದಲ ವಿಶ್ವಕಪ್ ಆಲ್ಬಂ ಬಂತು. ಅಂದಿನಿಂದ ಇಂದಿನವರೆಗೂ ವಿನ್ಯಾಸದ ಜೀವ ಒಂದೇ: ಯಾವ ಚಿತ್ರ ಸಿಗುತ್ತದೆಂದು ಗೊತ್ತಿಲ್ಲ, ಸಿಕ್ಕಿದ್ದೇ ಮತ್ತೆ ಸಿಗುತ್ತದೆ, ಆದ್ದರಿಂದ ಇನ್ನೊಬ್ಬರ ಮನೆಯ ಬಾಗಿಲು ತಟ್ಟಲೇಬೇಕು.

ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. 2018ರ ವಿಶ್ವಕಪ್ ಆಲ್ಬಂನಲ್ಲಿ 682 ಚಿತ್ರಗಳಿದ್ದವು, ಒಂದು ಲಕೋಟೆಯಲ್ಲಿ 5. ಯಾರೊಂದಿಗೂ ಬದಲಾಯಿಸಿಕೊಳ್ಳದೆ ಒಬ್ಬನೇ ಕೊಳ್ಳುತ್ತ ಹೋದರೆ ಆಲ್ಬಂ ತುಂಬಲು ಸರಾಸರಿ 4,800ಕ್ಕೂ ಹೆಚ್ಚು ಚಿತ್ರಗಳು ಬೇಕು. ಅಂದರೆ ಒಂಬೈನೂರು ಅರವತ್ತಕ್ಕೂ ಮೀರಿದ ಲಕೋಟೆಗಳು. ಮಧ್ಯಮವರ್ಗದ ಯಾವ ಮಗುವಿಗೂ ಇದು ಸಾಧ್ಯವಿಲ್ಲ. ತುಂಬಿದ ಆಲ್ಬಂ ಎಲ್ಲೇ ಕಂಡರೂ ಅದರ ಹಿಂದೆ ಹತ್ತಾರು ಮಕ್ಕಳ ಚೌಕಾಶಿ ಇದ್ದೇ ಇರುತ್ತದೆ. ಕಂಪನಿ ಅಚ್ಚುಹಾಕಿದ್ದು ಅರ್ಧ ವಸ್ತುವನ್ನು. ಉಳಿದರ್ಧವನ್ನು ಕಟ್ಟಡದ ಮೆಟ್ಟಿಲು, ಶಾಲೆಯ ಬಿಡುವು, ಸ್ಟೇಷನರಿ ಅಂಗಡಿಯ ಕಟ್ಟೆ ಮಾಡಿ ಮುಗಿಸಿದವು.

ಪಿಯರ್ ಲುಯಿಜಿ ಪಿಝ್ಝಾಬಲ್ಲಾ ಎಂಬ ಗೋಲ್‌ಕೀಪರ್ ಅತಲಾಂತಾ ತಂಡಕ್ಕೆ ಆಡುತ್ತಿದ್ದರು. 1963-64ರ ಆಲ್ಬಂನಲ್ಲಿ ಅವರ ಚಿತ್ರ ಸಿಗುತ್ತಲೇ ಇರಲಿಲ್ಲವೆಂದು ಇಟಲಿಯ ಒಂದು ಇಡೀ ತಲೆಮಾರು ನೆನಪಿಟ್ಟುಕೊಂಡಿದೆ. ಆ ಮನುಷ್ಯನ ಆಟಕ್ಕಿಂತ ಅವರ ಗೈರುಹಾಜರಿ ಹೆಚ್ಚು ಪ್ರಸಿದ್ಧ. ಕಂಪನಿಯ ಕಪಾಟಿನಿಂದ ಬರುವ ಆಲ್ಬಂನಲ್ಲಿ ಈ ಕಥೆಗೆ ಜಾಗವೇ ಇಲ್ಲ. ಅಲ್ಲಿ ಪಿಝ್ಝಾಬಲ್ಲಾ ಅವರ ಚೌಕವೂ ಉಳಿದವರ ಚೌಕಗಳಂತೆ ಖಾಲಿಯೇ ಇರುತ್ತದೆ.

ನೆರೂಲಿನ ಪರಿಚಿತರೊಬ್ಬರು ಹೀಗೆ ತರಿಸಿದ ಆಲ್ಬಂ ಒಂದನ್ನು ನನಗೆ ತೋರಿಸಿದರು. ಮುದ್ರಣದ ಮಾದರಿಯಾಗಿ ಅದು ಬಹಳ ಚೆಲುವಾದದ್ದು: ಬಣ್ಣ ಮಾಸಿಲ್ಲ, ಪಿನ್ನಿಗೆ ತುಕ್ಕಿಲ್ಲ, ಖಾಲಿ ಚೌಕಗಳ ಗೆರೆಗಳು ನಿನ್ನೆ ಎಳೆದಂತಿವೆ. ಅಕ್ಷರ ಜೋಡಿಸಿದವರ ಶ್ರದ್ಧೆ ಪುಟಪುಟದಲ್ಲೂ ಕಾಣುತ್ತದೆ. ಆದರೆ ಅದನ್ನು ಯಾರೂ ಓದಿಲ್ಲ. ಕಲ್ಯಾಣಿನ ಇನ್ನೊಂದು ಮನೆಯಲ್ಲಿ ನೋಡಿದ ಆಲ್ಬಂನಲ್ಲಿ ಚಿತ್ರಗಳು ಸೊಟ್ಟ, ಒಂದೆರಡು ತಲೆಕೆಳಗು, ಕೊನೆಯ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಬರೆದ ಬೇಕಾದ ನಂಬರುಗಳ ಸಾಲು. ಸಿಕ್ಕ ಹಾಗೆಲ್ಲ ಒಂದೊಂದನ್ನೇ ಹೊಡೆದು ಹಾಕಿದ್ದಾರೆ. ಎರಡು ನಂಬರು ಹಾಗೇ ಉಳಿದಿವೆ. ಮಾರುಕಟ್ಟೆ ಮೊದಲನೆಯದಕ್ಕೆ ಹೆಚ್ಚು ಬೆಲೆ ಕಟ್ಟುತ್ತದೆ. ವಿಮರ್ಶೆಯ ತಕ್ಕಡಿಯಲ್ಲಿ ಎರಡನೆಯದೇ ತೂಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಿದ್ದೂ ಕಂಪನಿಯ ಪ್ರತಿಗೆ ಅಷ್ಟು ಬೇಡಿಕೆ ಯಾಕೆ ಎಂಬುದಕ್ಕೆ ನಮ್ಮ ಕಡೆ ಬೇರೆಯದೇ ಕಾರಣವಿದೆ. ಈ ಊರುಗಳಲ್ಲಿ ಕಾಗದ ಬದುಕುವುದು ಕಷ್ಟ. ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರದಲ್ಲಿ ಮಗನ ಆಲ್ಬಂಗೆ ಸಿಗುವುದು ಅಟ್ಟದ ಮೂಲೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುತ್ತದೆ, ಬೆಳ್ಳಿಹುಳು ಅಂಟು ತಿನ್ನುತ್ತದೆ. 2005ರ ಜುಲೈ 26ರ ಮಹಾಮಳೆಗೆ ಉಲ್ಹಾಸ್ ನದಿ ಉಕ್ಕಿದಾಗ ಕಲ್ಯಾಣ್ ಕಡೆಯ ನೆಲಮಹಡಿಯ ಮನೆಗಳಲ್ಲಿ ಹೋದ ಫೋಟೊ, ಪುಸ್ತಕ, ಅಂಕಪಟ್ಟಿಗಳಿಗೆ ಲೆಕ್ಕವಿಲ್ಲ. ಅಷ್ಟೂ ತಪ್ಪಿಸಿಕೊಂಡು ಉಳಿದದ್ದು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ಹೊತ್ತಿಗೆ ರದ್ದಿವಾಲನ ತಕ್ಕಡಿಗೆ ಹೋಗುತ್ತದೆ. ಹೀಗೆ ಮನೆಮನೆಯ ಪ್ರತಿಗಳು ಅಳಿದ ಕಡೆ ಗೋದಾಮಿನ ಪ್ರತಿಯೇ ಸಾಕ್ಷಿಯಾಗಿ ನಿಲ್ಲುತ್ತದೆ. ಸಾಕ್ಷಿಯನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ಪ್ರಶ್ನೆ ಅದಕ್ಕೇ ಮುಖ್ಯ.

ಅಮೆರಿಕದ ಟಾಪ್ಸ್ ಕಂಪನಿಯ ದಾರಿ ಹಳೆಯದು. 1952ರ ಅದರ ಬೇಸ್‌ಬಾಲ್ ಕಾರ್ಡುಗಳ ಕೊನೆಯ ಕಂತು ಅಂಗಡಿಗಳಿಗೆ ತಡವಾಗಿ ಬಂತು, ಖರ್ಚಾಗಲಿಲ್ಲ. ಜಾಗ ಹಿಡಿದ ಪೆಟ್ಟಿಗೆಗಳನ್ನು 1960ರಲ್ಲಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಲಾಯಿತು. ಕಾರ್ಡು ವಿನ್ಯಾಸಗೊಳಿಸಿದ ಸೈ ಬರ್ಗರ್ ಅವರೇ ಆ ಕೆಲಸದ ಮೇಲ್ವಿಚಾರಣೆ ನೋಡಿಕೊಂಡರು. ಅದೇ ಕಂತಿನ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಕಸದಿಂದ ಕೋಟಿಗೆ ಏರುವ ಈ ದಾರಿಯಲ್ಲಿ ಬೆಲೆ ಹತ್ತತೊಡಗಿದಾಗಲೇ ಕಂಪನಿಗಳು ತಮ್ಮ ಕಪಾಟಿನ ಕಡೆ ಕಣ್ಣು ಹಾಯಿಸಲು ಕಲಿತವು. 1989ರಲ್ಲಿ ನ್ಯೂಯಾರ್ಕಿನ ಗರ್ನ್‌ಸೀಸ್ ಹರಾಜಿನಲ್ಲಿ ಟಾಪ್ಸ್ ತನ್ನ 1953ರ ಕಾರ್ಡುಗಳಿಗಾಗಿ ಬರೆಸಿದ್ದ ಮೂಲ ವರ್ಣಚಿತ್ರಗಳನ್ನೇ ಮಾರಿತು; ಮ್ಯಾಂಟಲ್ ಚಿತ್ರ ಲಕ್ಷ ಡಾಲರ್ ದಾಟಿತು. ಆಮೇಲೆ ಟಾಪ್ಸ್ ವಾಲ್ಟ್ ಎಂಬ ಹೆಸರಿನಲ್ಲಿ ಆನ್‌ಲೈನ್ ಅಂಗಡಿ ತೆರೆದು ನೆಗೆಟಿವ್, ಕರಡಚ್ಚು, ಕಡತದ ಪ್ರತಿಗಳನ್ನು ಬಿಡಿಬಿಡಿಯಾಗಿ ಮಾರುತ್ತ ಬಂತು.

ಇದರಲ್ಲಿ ಒಳ್ಳೆಯದೂ ಇದೆ, ಮುಚ್ಚಿಡಬಾರದು. ಹಳೆಯ ಕಾರ್ಡಿನ ಪೇಟೆಯಲ್ಲಿ ನಕಲಿ ಬಹಳ. ಅಂಚು ಕತ್ತರಿಸಿ ಚೂಪು ಮಾಡುವವರಿದ್ದಾರೆ, ಲಕೋಟೆ ಬಿಚ್ಚಿ ಮತ್ತೆ ಅಂಟಿಸುವವರಿದ್ದಾರೆ. ಡೊಂಬಿವಲಿಯಲ್ಲಿ ಕೂತು ದೂರದೇಶದ ವಸ್ತುವಿಗೆ ಹಣ ಕಳಿಸುವವನಿಗೆ ತಯಾರಕನ ಚೀಟಿಗಿಂತ ದೊಡ್ಡ ಆಸರೆ ಇಲ್ಲ. ಸಮುದ್ರಕ್ಕೆ ಸುರಿಯುವುದಕ್ಕಿಂತ ಮಾರುವುದು ಎಷ್ಟೋ ಮೇಲು ಎಂಬುದಂತೂ ಸರಿಯೇ.

ಕೆಡುಕು ಇರುವುದು ಚೆದುರುವಿಕೆಯಲ್ಲಿ. ಕತ್ತರಿಸದ ಮುದ್ರಣದ ಹಾಳೆಯೊಂದನ್ನು ಯೋಚಿಸಿ. ಯಾವ ಆಟಗಾರನ ಚಿತ್ರ ಹಾಳೆಯಲ್ಲಿ ಎಷ್ಟು ಸಲ ಇದೆ ಎಂಬುದು ಅದರಲ್ಲಿ ಕಣ್ಣಿಗೇ ಕಾಣುತ್ತದೆ. ಕಂಪನಿ ಬೇಕೆಂದೇ ಕೆಲವರನ್ನು ಕಡಿಮೆ ಅಚ್ಚುಹಾಕುತ್ತದೆ ಎಂಬ ಗುಮಾನಿ ಎಲ್ಲ ದೇಶದ ಮಕ್ಕಳಿಗೂ ಇದೆ. ಆ ಗುಮಾನಿ ನಿಜವೋ ಸುಳ್ಳೋ ಎಂದು ಹೇಳಬಲ್ಲದ್ದು ಈ ಹಾಳೆಗಳು, ಮುದ್ರಣದ ಆದೇಶಗಳು, ಲೆಕ್ಕದ ಪುಸ್ತಕಗಳು. ಒಂದು ಹಾಳೆ ಒಬ್ಬರ ಬೈಠಕ್‌ಖಾನೆಯ ಗೋಡೆಗೆ, ಅದರ ಆದೇಶಪತ್ರ ಇನ್ನೊಂದು ಖಂಡದ ಲಾಕರಿಗೆ ಹೋದ ಮೇಲೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಹೇಗೆ? ಇನ್ನೊಂದು ಅನ್ಯಾಯ, ಗೋದಾಮಿನಲ್ಲಿ ಇನ್ನೆಷ್ಟು ಪ್ರತಿ ಉಳಿದಿವೆ ಎಂದು ಮಾರುವವನೊಬ್ಬನಿಗೇ ಗೊತ್ತಿರುವುದು. ಅಪರೂಪವೆಂದು ನಂಬಿ ಕೊಂಡವನ ಮುಂದೆ ಆರು ತಿಂಗಳಿಗೆ ಇನ್ನೊಂದು ಕಟ್ಟು ಬಿಚ್ಚಿಕೊಂಡರೆ ಅವನು ಯಾರನ್ನು ಕೇಳಬೇಕು? ಚೀಟಿಯಲ್ಲಿ ಮೂಲ ಬರೆಯುವವರು ಉಳಿಕೆಯನ್ನೂ ಬರೆಯಬೇಕು.

ಇಟಲಿ ಬೇರೆ ಎರಡು ದಾರಿ ತೋರಿಸಿದೆ. ಆ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಜ್ಯುಸೆಪ್ಪೆ ಪಾನಿನಿ ಜೀವಮಾನವಿಡೀ ಕೂಡಿಟ್ಟ ಲಕ್ಷಾಂತರ ಚಿತ್ರಗಳ ಸಂಗ್ರಹವನ್ನು 1992ರಲ್ಲಿ ಮೊದೆನಾ ನಗರಸಭೆಗೆ ಕೊಟ್ಟುಬಿಟ್ಟರು. 2006ರಲ್ಲಿ ಅದಕ್ಕೆ ಊರ ನಡುವಿನ ಹಳೆಯ ಕಟ್ಟಡವೊಂದರಲ್ಲಿ ವಸ್ತುಸಂಗ್ರಹಾಲಯವಾಯಿತು. ಇನ್ನೊಂದು ನನಗೆ ಇನ್ನೂ ಪ್ರಿಯವಾದದ್ದು. 1994ರಲ್ಲಿ ವಾಲ್ಟರ್ ವೆಲ್ತ್ರೋನಿ ಸಂಪಾದಕರಾಗಿದ್ದಾಗ ಎಡಪಂಥೀಯ ದಿನಪತ್ರಿಕೆ ಲುನಿತಾ, ಪಾನಿನಿಯ ಹಳೆಯ ಲೀಗ್ ಆಲ್ಬಂಗಳನ್ನು ಮರುಮುದ್ರಿಸಿ ಓದುಗರಿಗೆ ಪತ್ರಿಕೆಯೊಂದಿಗೆ ಹಂಚಿತು. ಬಾಲ್ಯದಲ್ಲಿ ಕಾಸಿಲ್ಲದೆ ಬಿಟ್ಟವರು, ಮನೆ ಬದಲಿಸುವಾಗ ಕಳೆದುಕೊಂಡವರು, ಎಲ್ಲರ ಕೈಗೂ ಆ ಪುಟಗಳು ಮರಳಿ ಬಂದವು. ಮರುಮುದ್ರಣ ಮೂಲವಲ್ಲ, ಒಪ್ಪುತ್ತೇನೆ. ಅದನ್ನೇ ಮೂಲವೆಂದು ಮಾರುವ ಕಿಡಿಗೇಡಿಗಳ ಭಯವೂ ಇದೆ. ಪುಟದಲ್ಲಿ ಅಳಿಸಲಾಗದಂತೆ ಇಸವಿ ಅಚ್ಚುಹಾಕಿದರೆ ಆ ಭಯ ಬಹುಪಾಲು ತೀರುತ್ತದೆ. ಭಂಡಾರವೊಂದನ್ನು ಸಾವಿರಾರು ಜನರಿಗೆ ತೆರೆಯುವ ಉಪಾಯ ಇದಕ್ಕಿಂತ ಚೆನ್ನಾಗಿ ಇನ್ನೊಂದಿಲ್ಲ.

ನಮ್ಮ ಸ್ಥಿತಿ ಏನು? ಎಂಬತ್ತರ ದಶಕದ ಕೊನೆ, ತೊಂಬತ್ತರ ಆರಂಭದಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆ ಕ್ರಿಕೆಟಿಗರ ಚಿತ್ರ ಬರುತ್ತಿತ್ತು. ಅದರಲ್ಲಿ ರನ್ ಇಲ್ಲವೇ ವಿಕೆಟ್ ನಮೂದಾಗಿರುತ್ತಿತ್ತು. ಹೇಳಿದಷ್ಟು ಕೂಡಿಸಿ ಅಂಗಡಿಗೆ ಒಪ್ಪಿಸಿದರೆ ಬಹುಮಾನ. ಸಂಗ್ರಹಿಸಿದ ಮಗು ತನ್ನ ಸಂಗ್ರಹವನ್ನು ತಾನೇ ಹಿಂತಿರುಗಿಸಬೇಕಾದ ಏರ್ಪಾಡು ಅದು. ಹೆಚ್ಚು ಶ್ರದ್ಧೆಯಿಂದ ಕೂಡಿಸಿದವರ ಬಳಿಯೇ ಕಡಿಮೆ ಉಳಿಯಿತು! ಆ ಚಿತ್ರಗಳನ್ನು ಇಂದು ಒಟ್ಟಾಗಿ ನೋಡಬಯಸಿದರೆ ಕೆಲವು ಹವ್ಯಾಸಿಗಳ ಪೆಟ್ಟಿಗೆಗಳೇ ಗತಿ. 2010ರ ದಶಕದಲ್ಲಿ ಟಾಪ್ಸ್‌ನ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳು ಬಂದಾಗ ಡೊಂಬಿವಲಿಯ ಮಕ್ಕಳ ಕೈಯಲ್ಲಿ ಡೊಂಬಿವಲಿಯವರೇ ಇದ್ದರು: ಇಲ್ಲಿನ ಎಸ್.ವಿ. ಜೋಶಿ ಶಾಲೆಯಲ್ಲಿ ಓದಿದ ಅಜಿಂಕ್ಯ ರಹಾನೆ, ತಂದೆತಾಯಿ ಇಲ್ಲಿ ಒಂದೇ ಕೋಣೆಯಲ್ಲಿ ಬದುಕುತ್ತಿದ್ದ ಕಾಲದಲ್ಲಿ ಅಜ್ಜನ ಮನೆಯಲ್ಲಿ ಬೆಳೆದ ರೋಹಿತ್ ಶರ್ಮಾ. ಆ ಕಾರ್ಡುಗಳೂ ಈಗ ರದ್ದಿಗೆ ಹೋಗುವ ವಯಸ್ಸಿಗೆ ಬಂದಿವೆ.

ಇದನ್ನೆಲ್ಲ ಉಳಿಸಲು ಬೇಕಾದ ಆಟದ ಚರಿತ್ರೆ ಈ ಪ್ರದೇಶಕ್ಕಿದೆ. 2016ರ ಜನವರಿಯಲ್ಲಿ ಕಲ್ಯಾಣಿನ ಆಟೋ ಚಾಲಕರೊಬ್ಬರ ಮಗ ಪ್ರಣವ್ ಧನಾವಡೆ ಶಾಲಾ ಪಂದ್ಯದಲ್ಲಿ 327 ಎಸೆತಗಳಿಗೆ ಔಟಾಗದೆ 1,009 ರನ್ ಹೊಡೆದು, 1899ರಿಂದ ನಿಂತಿದ್ದ ಎ.ಇ.ಜೆ. ಕಾಲಿನ್ಸ್‌ರ 628ರ ದಾಖಲೆ ಮುರಿದರು. ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ಅಕ್ಟೋಬರ್ 30ರಂದು ಮಂಗಳೂರು ಮೂಲದ ಜೆಮಿಮಾ ರಾಡ್ರಿಗಸ್ ಔಟಾಗದೆ 127 ರನ್ ಹೊಡೆದು ಆಸ್ಟ್ರೇಲಿಯವನ್ನು ಮನೆಗೆ ಕಳಿಸಿದರು. ಮೂರು ದಿನಗಳ ನಂತರ ಅದೇ ಅಂಗಳದಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದರು. ಇಂಥ ದಿನಗಳ ಅಚ್ಚಿನ ಗುರುತುಗಳು ಎಲ್ಲಿ ಉಳಿಯಬೇಕು ಎಂಬುದನ್ನು ಈಗಲೇ ತೀರ್ಮಾನಿಸಬೇಕು.

ಡೊಂಬಿವಲಿ ಪುಸ್ತಕದ ವಿಷಯದಲ್ಲಿ ಇದನ್ನು ಮಾಡಿ ತೋರಿಸಿದೆ. ಪುಂಡಲೀಕ ಪೈ ಅವರು 1986ರಲ್ಲಿ ಆರಂಭಿಸಿದ ಪೈ ಫ್ರೆಂಡ್ಸ್ ಲೈಬ್ರರಿ ಇಲ್ಲಿ ಓದಿದ ಪುಸ್ತಕ ಕೊಟ್ಟು ಬೇರೆ ಪುಸ್ತಕ ಒಯ್ಯುವ ವಿನಿಮಯದ ಮೇಳ ನಡೆಸುತ್ತದೆ. ಜನ ಸಾಲುಗಟ್ಟಿ ಬರುತ್ತಾರೆ. ಅಂಥ ಮೇಳದಲ್ಲಿ ಆಲ್ಬಂಗಳಿಗೂ ಒಂದು ಮೇಜು ಹಾಕಬಹುದು. ಡೊಂಬಿವಲಿ ಕರ್ನಾಟಕ ಸಂಘ ತನ್ನ ಮಂಜುನಾಥ ವಿದ್ಯಾಲಯದ ಮಕ್ಕಳಿಗೆ ಇಂಥದೇ ಒಂದು ದಿನ ಇಡಬಹುದು. ಗೋದಾಮಿನ ಖಾಲಿ ಆಲ್ಬಂ ಅಲ್ಲಿಗೆ ಬಂದು ತುಂಬತೊಡಗಿದರೆ ಅದರ ಬೆಲೆ ಪೇಟೆಯಲ್ಲಿ ಇಳಿಯುತ್ತದೆ. ಇಳಿಯಲಿ.

ಕನ್ನಡಿಗರಾದ ನಮಗೆ ಇನ್ನೊಂದು ನೇರ ಸಂಬಂಧವಿದೆ. ಪಾನಿನಿಯ ವಿಶ್ವಕಪ್ ಆಲ್ಬಂಗಳನ್ನು ಭಾರತದ ಅಂಗಡಿಗಳಿಗೆ ತಂದದ್ದು ನಮ್ಮ ಮಣಿಪಾಲದ ಮಣಿಪಾಲ್ ಟೆಕ್ನಾಲಜೀಸ್. ಮಣಿಪಾಲ ಪವರ್ ಪ್ರೆಸ್ಸಿನಿಂದ ಬೆಳೆದ ಮುದ್ರಣದ ಮನೆತನ ಅದು. ಕಾಗದದ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಆಲ್ಬಂಗಳು ಹಳತಾಗುವ ದಿನ ಬರುತ್ತದೆ, ಆಗ ಕೊಳ್ಳುವವರೂ ಬರುತ್ತಾರೆ. ಅದಕ್ಕೆ ಮೊದಲೇ ಪ್ರತಿ ವರ್ಷದ ಆಲ್ಬಂನ ಒಂದು ಖಾಲಿ ಪ್ರತಿ, ಒಂದು ತುಂಬಿದ ಪ್ರತಿ, ಬಿಚ್ಚದ ಒಂದು ಲಕೋಟೆ, ಸಿಕ್ಕಿದರೆ ಕತ್ತರಿಸದ ಒಂದು ಹಾಳೆ, ಇಷ್ಟನ್ನು ಮಾರಾಟಕ್ಕಿಲ್ಲವೆಂದು ತೆಗೆದಿಟ್ಟು, ಕೇಳಿದವರಿಗೆ ನೋಡಲು ಸಿಗುವ ಕಡೆ ಇಡಲಿ. ಉಳಿದದ್ದನ್ನು, ಎಷ್ಟಿದೆ ಎಂದು ಬಹಿರಂಗವಾಗಿ ಹೇಳಿ, ಧಾರಾಳವಾಗಿ ಮಾರಲಿ.